ಜನವರಿಯೊಳಗೆ ಮೂಳೆ ಗಟ್ಟಿಯಾಗಬೇಕು

ಹೊಸದುರ್ಗ
9 ನವೆಂಬರ್ 2025

ಚಿರಂಜೀವಿ ಚೈತ್ರಾಳಿಗೆ ಅಮ್ಮನ ಆಶೀರ್ವಾದ.

ಇಲ್ಲಿ ನಿಮ್ಮ ಅಪ್ಪಾಜಿ ಪೂರ್ತಿ ಕ್ಷೇಮ. ನಾನು ಬಲಗೈ ಒಂದನ್ನು ಬಿಟ್ಟು ಉಳಿದಂತೆ ಕ್ಷೇಮ. ಹಿರಿಯೂರಿನಷ್ಟು ಹತ್ತಿರ ಮಗಳನ್ನು ಇಟ್ಟುಕೊಂಡು, ಫೋನೂ ಇರುವಾಗ ಈ ಅಮ್ಮ ಕಾಗದ ಯಾಕೆ ಬರೆದಳು ಎಂದು ನಗಬೇಡ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸುವ ಹುಡುಗಿ, ‘ಆಂಟಿ, ಬೆರಳು ಬಿಗಿ ಬಿಡಬೇಕು ಅಂದ್ರೆ ದಿನಾ ಏನಾರ ಬರೀರಿ’ ಎಂದಳು. ಮೊದಮೊದಲು ‘ಓಂ ನಮಃ ಶಿವಾಯ’ ಬರೆದೆ. ಪುಟಗಟ್ಟಲೆ ಅದನ್ನೇ ಬರೆದು ಶಿವನಿಗೇ ಬೇಸರ ಬಂದಿರಬೇಕು ಅನ್ನಿಸಿತು. ಮೇಲಾಗಿ ಫೋನಿನಲ್ಲಿ ನೀನು ‘ರಿಪೋರ್ಟ್ ಕಳಿಸಮ್ಮ’ ಅನ್ನುತ್ತೀಯ, ನಾನು ಫೋಟೋ ಹೊಡೆದು ಕಳಿಸುತ್ತೇನೆ, ನೀನು ಒಂದು ಹೆಬ್ಬೆರಳಿನ ಗುರುತು ಹಾಕುತ್ತೀಯ, ಮಾತು ಅಲ್ಲಿಗೆ ಮುಗಿಯುತ್ತದೆ. ದೀಪಾವಳಿಗೆ ಮುಂಚೆಯೇ ಬರೆಯಬೇಕೆಂದಿದ್ದೆ, ಪೆನ್ನು ಹಿಡಿದರೆ ಮಣಿಕಟ್ಟಿನಲ್ಲಿ ಚಳುಕು ಬರುತ್ತಿತ್ತು. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆಗಿದೆ, ಟೀಚರ್ ಆದ ಮಗಳು ಕೆಂಪು ಪೆನ್ನು ಹಿಡಿಯದಿದ್ದರೆ ಸಾಕು.

ನಾನು ಬಿದ್ದ ಕಥೆ ನಿನಗೆ ಅರ್ಧ ಗೊತ್ತು. ಕೊನೆಯ ಶ್ರಾವಣ ಸೋಮವಾರ. ಒಪ್ಪತ್ತು ಹಿಡಿದಿದ್ದೆ. ಊಟ ಬಿಟ್ಟವಳು ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಿಡಲಿಲ್ಲ, ಅಲ್ಲೇ ಎಡವಟ್ಟಾಯಿತು. ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುವಾಗ ಕಣ್ಣು ಕತ್ತಲೆ ಬಂತು, ಕೈ ಊರಿದೆ, ಲಟಕ್ ಎಂದಿತು. ಕಲ್ಲಿಲ್ಲ, ಮೆಟ್ಟಿಲಿಲ್ಲ, ಸಮತಟ್ಟಾದ ನೆಲ. ದುರ್ಗದ ಮೂಳೆ ಡಾಕ್ಟರು, ‘ನಿಂತ ಜಾಗದಾಗೆ ಬಿದ್ದು ಮಣಿಕಟ್ಟು ಮುರೀತು ಅಂದ್ರೆ ಬಿದ್ದಿದ್ದರ ತಪ್ಪಲ್ರಿ ಅದು, ಮೂಳೆಯೇ ಸೊರಗೈತೆ’ ಎಂದು ಸ್ಕ್ಯಾನ್ ಮಾಡಿಸಿದರು. ಬೆನ್ನಿನ ಎಕ್ಸ್‌ರೇಯಲ್ಲಿ ಒಂದು ಮೂಳೆ ಆಗಲೇ ಅಪ್ಪಚ್ಚಿಯಾಗಿದೆಯಂತೆ, ನನಗೆ ತಿಳಿಯದ ಹಾಗೆ. ನಿನ್ನ ಮದುವೆ ಫೋಟೋ ನೋಡಿ ‘ಅಮ್ಮ ಕುಳ್ಳಿಯಾಗಿದ್ದಾಳೆ’ ಎಂದು ನೀನೂ ಅಳಿಯ ಶರಣನೂ ನಕ್ಕಿದ್ದಿರಲ್ಲ, ಅದು ನಿಜವೇ.

ಕಾಯಿಲೆಗೆ ನಾನು ಹೆದರಲಿಲ್ಲ. ಸಕ್ಕರೆ, ಥೈರಾಯಿಡ್, ಹೊಟ್ಟೆ ಉರಿ ಎಲ್ಲ ಮನೆಯ ನೆಂಟರೇ ಆಗಿದ್ದಾರೆ, ಇದೂ ಒಂದು ಇರಲಿ. ನನ್ನ ಯೋಚನೆಯೆಲ್ಲ ಜನವರಿಯದು. ಜನವರಿ ಕೊನೆಗೆ ನಿನ್ನ ಹೆರಿಗೆ. ಚೊಚ್ಚಲ ಬಾಣಂತನ ತವರಿನದು. ಈ ಬೀದಿಯಲ್ಲಿ ನಾನು ನೀರು ಹಾಕದ ಕೂಸು ಯಾವುದಿದೆ ಹೇಳು? ಪಕ್ಕದ ಮನೆಯ ಲತಾಳ ಎರಡೂ ಮಕ್ಕಳು ನನ್ನ ಕಾಲ ಮೇಲೆ ಮಿಂದವು. ಮಣೆ ಹಾಕಿ ಕೂತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡರೆ ಅದು ಅತ್ತರೂ ಜಾರಿದ್ದಿಲ್ಲ. ಊರ ಕೂಸುಗಳಿಗೆಲ್ಲ ಎರೆದ ಕೈ ನನ್ನ ಮಗಳ ಕೂಸಿಗೆ ಎರೆಯದೆ ಹೇಗಿದ್ದೀತು? ಅದಕ್ಕೇ ಯಾವ ಮದ್ದು ಬೇಗ ಕೆಲಸ ಮಾಡುತ್ತದೋ ಅದನ್ನೇ ತಗೊಳ್ಳುವುದು ಎಂದು ತೀರ್ಮಾನ ಮಾಡಿಕೊಂಡೇ ದುರ್ಗಕ್ಕೆ ಹೋದೆ.

ಅಲ್ಲಿ ಹೋದರೆ ಮದ್ದು ಒಂದಲ್ಲ. ಮೊದಲನೆಯದು ವಾರಕ್ಕೊಂದು ಮಾತ್ರೆ. ಕೇಳಲು ಸುಲಭ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲೋಟ ತುಂಬ ನೀರಿನ ಜತೆ ನುಂಗಿ, ಅರ್ಧ ಗಂಟೆ ಮಲಗದೆ, ಬಗ್ಗದೆ, ಬೇರೇನೂ ತಿನ್ನದೆ ಇರಬೇಕು. ಥೈರಾಯಿಡ್ ಮಾತ್ರೆಗೂ ಅದೇ ಖಾಲಿ ಹೊಟ್ಟೆ ಬೇಕು. ಇನ್ನು ಲಿಂಗಪೂಜೆ ಆಗದೆ ನಾನು ಬಾಯಿಗೆ ಏನೂ ಹಾಕಿದವಳಲ್ಲ. ಥೈರಾಯಿಡ್ ಮಾತ್ರೆಗೇ ಎಷ್ಟು ಕಷ್ಟಪಟ್ಟು ಮನಸ್ಸು ಒಪ್ಪಿಸಿದ್ದೇನೆ ಎಂದು ನಿನಗೆ ಗೊತ್ತು. ನಿಮ್ಮ ಅಪ್ಪಾಜಿ ಹಾರ್ಡ್‌ವೇರ್ ಅಂಗಡಿಯ ಗಿರಾಕಿಗಳ ಮುಂದೆ ಹೇಳಿಕೊಂಡು ನಗುತ್ತಾರೆ, ‘ನಮ್ಮ ಪಾರ್ವತಿ ಖಾಲಿ ಹೊಟ್ಟೆಗೆ ಮೂರು ಜನ ಪಾಳಿ ನಿಂತಾರೆ, ಲಿಂಗಪ್ಪಗೂ ಟೋಕನ್ ಕೊಡಬೇಕು’ ಎಂದು. ಪೂಜೆಯದು ಹೇಗೋ ಹೊಂದಿಸಿಕೊಳ್ಳುತ್ತಿದ್ದೆ, ಆದರೆ ಆ ಮಾತ್ರೆ ಗಂಟಲಿನ ಕೆಳಗೆ ನಿಂತರೆ ಹುಣ್ಣು ಮಾಡುತ್ತದಂತೆ. ನನ್ನ ಹೊಟ್ಟೆ ಉರಿಗೆ ಅದು ಬೆಂಕಿಗೆ ತುಪ್ಪ. ಹಾಗಾಗಿ ಅದನ್ನು ಕೈಬಿಟ್ಟದ್ದಾಯಿತು.

ಕೈ ಸೋತಿದೆ. ಉಳಿದದ್ದು ನಾಳೆ.

10 ನವೆಂಬರ್

ಬೆಳಿಗ್ಗೆ ರೊಟ್ಟಿ ತಟ್ಟಿ ನೋಡಿದೆ. ಮೂರು ಆಯಿತು, ನಾಲ್ಕನೆಯದು ಆಂಧ್ರದ ನಕಾಶೆಯ ಹಾಗೆ ಬಂತು. ನಿಮ್ಮ ಅಪ್ಪಾಜಿ ಅದನ್ನೇ ಮೊದಲು ತಿಂದರು, ಪಾಪ.

ಎರಡನೆಯದು ವರ್ಷಕ್ಕೊಮ್ಮೆ ಹಾಕುವ ಡ್ರಿಪ್. ಒಂದು ದಿನ ಆಸ್ಪತ್ರೆಗೆ ಹೋಗಿ ಬಂದರೆ ಮುಗಿಯಿತು, ವರ್ಷವಿಡೀ ಚಿಂತೆಯಿಲ್ಲ. ನನಗೆ ಇದು ಹಿಡಿಸಿತ್ತು. ಆದರೆ ಅದು ಕಿಡ್ನಿಯ ಮೂಲಕ ಹೋಗುವ ಮದ್ದು. ನಮ್ಮ ಊರಿನ ಸಕ್ಕರೆ ಡಾಕ್ಟರಮ್ಮ ನನ್ನ ಹಳೆಯ ರಿಪೋರ್ಟುಗಳನ್ನೆಲ್ಲ ಹರಡಿಕೊಂಡು ಕೂತು, ‘ಪಾರ್ವತಮ್ಮ, ಸಕ್ಕರೆ ಕಾಯಿಲೆ ನಿಮ್ಮ ಕಿಡ್ನಿನ ಅಂಚಿಗೆ ತಂದು ನಿಲ್ಲಿಸೈತೆ. ಇನ್ನೊಂಚೂರು ಇಳಿದ್ರೆ ಆ ಡ್ರಿಪ್ ಹಾಕಂಗೇ ಇಲ್ಲ. ಅಂಚಿನಾಗೆ ಇರೋರನ್ನ ನಾನ್ಯಾಕೆ ತಳ್ಳಲಿ?’ ಎಂದರು. ಜತೆಗೆ ನನಗೆ ಬೈದರು. ಒಪ್ಪತ್ತು ಇನ್ನು ಸಾಕು ಎಂದರು. ಒಂದು ಸಕ್ಕರೆ ಮಾತ್ರೆ ಮೂಳೆಗೆ ಆಗಿಬರುವುದಿಲ್ಲವೆಂದು ಬದಲಾಯಿಸಿದರು. ಹೊಟ್ಟೆ ಉರಿಗೆ ನಾನೇ ಅಂಗಡಿಯಲ್ಲಿ ತಂದು ವರ್ಷಗಟ್ಟಲೆ ನುಂಗಿದ ಗ್ಯಾಸ್ಟ್ರಿಕ್ ಮಾತ್ರೆಯೂ ಮೂಳೆಗೆ ಅಷ್ಟು ಒಳ್ಳೆಯದಲ್ಲವಂತೆ. ಒಂದಕ್ಕೆಂದು ತಗೊಂಡದ್ದು ಇನ್ನೊಂದಕ್ಕೆ ಮುಳುವಾಗಿದೆ, ಯಾರನ್ನು ದೂರುವುದು?

ಮೂರನೆಯದು ದಿನಾ ಹೊಟ್ಟೆಗೆ ಚುಚ್ಚಿಕೊಳ್ಳುವ ಇಂಜೆಕ್ಷನ್. ಉಳಿದವು ಮೂಳೆ ಸವೆಯುವುದನ್ನು ತಡೆಯುತ್ತವಂತೆ, ಇದು ಹೊಸ ಮೂಳೆಯನ್ನೇ ಕಟ್ಟುತ್ತದಂತೆ. ಕಟ್ಟುತ್ತದೆ ಎಂದ ಕೂಡಲೇ ನಾನು ಕುರ್ಚಿಯ ತುದಿಗೆ ಬಂದೆ. ‘ಇದು ಕೊಟ್ರೆ ಜನವರಿ ಒಳಗೆ ಗಟ್ಟಿ ಆಗ್ತೈತಾ ಸಾರ್?’ ಎಂದು ಕೇಳಿಯೇಬಿಟ್ಟೆ. ಮೂಳೆ ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು.

‘ಜನವರಿಗೆ ಏನೈತ್ರಿ?’

‘ಮಗಳ ಬಾಣಂತನ.’

ಅವರು ನಗಲಿಲ್ಲ, ಅಷ್ಟರ ಮಟ್ಟಿಗೆ ಒಳ್ಳೆಯವರು. ‘ಮೂಳೆ ಕಟ್ಟೋದಕ್ಕೆ ವರ್ಷ ಬೇಕಮ್ಮ. ಯಾವ ಮದ್ದು ಕೊಟ್ರೂ ಜನವರಿಗೆ ನಿಮ್ಮ ಬೆನ್ನು ಹೆಚ್ಚೂಕಮ್ಮಿ ಈಗಿದ್ದಂಗೇ ಇರ್ತೈತೆ. ಕುರ್ಚಿ ಮೇಲೆ ಕುಂತ್ಕಳ್ರಿ, ಕೂಸನ್ನ ಯಾರಾದ್ರೂ ಕೈಗೆ ಕೊಡ್ಲಿ, ಆಡಿಸ್ರಿ. ನೆಲಕ್ಕೆ ಕುಂತು ಬಗ್ಗಿ ನೀರು ಹಾಕದು, ಹಂಡೆಯಿಂದ ನೀರು ಎತ್ತದು, ಅವೆರಡು ಮಾತ್ರ ಬ್ಯಾಡ’ ಎಂದರು. ನಾನು ಬಿಡಲಿಲ್ಲ. ಎಷ್ಟು ವರ್ಷದ ರೂಢಿ ಸಾರ್, ಒಂದು ಕೂಸೂ ಕೈ ಜಾರಿಲ್ಲ ಎಂದೆ. ಆಗ ಅವರು, ‘ರೂಢಿ ಕೈಗೆ ಐತೆ, ಬೆನ್ನಿಗೆ ಇಲ್ಲ. ಬಗ್ಗಿದಾಗ ಬೆನ್ನು ಹಿಡಕಂತು ಅಂದ್ಕಳ್ರಿ, ಆಗ ಕಾಲ ಮೇಲೆ ಕೂಸಿರ್ತೈತಲ್ಲ’ ಎಂದರು. ನಿಮ್ಮ ಅಪ್ಪಾಜಿ ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರವನ್ನೇ ನೋಡುತ್ತಾ ಕೂತಿದ್ದರು.

ಅದಾದ ಮೇಲೆ ಅವಸರಪಡುವುದಕ್ಕೆ ಕಾರಣ ಉಳಿಯಲಿಲ್ಲ. ದಿನಾ ಚುಚ್ಚುವುದನ್ನು ಡಾಕ್ಟರೇ ಮುಂದೆ ಬೇಕಾದರೆ ನೋಡೋಣ ಎಂದು ಬದಿಗಿಟ್ಟರು. ಕೊನೆಗೆ ಇಬ್ಬರು ಡಾಕ್ಟರೂ ಫೋನಿನಲ್ಲಿ ಮಾತಾಡಿಕೊಂಡು ಒಪ್ಪಿದ್ದು ಆರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್. ಅದಕ್ಕೆ ಕಿಡ್ನಿಯ ಹಂಗಿಲ್ಲ, ಹೊಟ್ಟೆಯ ತಂಟೆಯಿಲ್ಲ. ಆದರೆ ಹಿಡಿದರೆ ಬಿಡುವ ಹಾಗಿಲ್ಲ. ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ, ಅಥವಾ ತಡ ಮಾಡಿದರೆ, ಬೆನ್ನಿನ ಮೂಳೆಗಳು ಒಂದರ ಹಿಂದೆ ಒಂದು ಕುಸಿಯಬಹುದಂತೆ. ‘ಮರೆಯಲ್ಲ, ನಾನು ಕರ್ಕಂಡ್ ಬರ್ತೀನಿ’ ಎಂದು ನಿಮ್ಮ ಅಪ್ಪಾಜಿ ಡಾಕ್ಟರಿಗೆ ಮಾತು ಕೊಟ್ಟರು. ಬಸ್ಸಿನಲ್ಲಿ ನಾನು, ‘ನೀವಿಲ್ದಿದ್ದಾಗ?’ ಎಂದೆ. ‘ನಾನಿಲ್ದಿದ್ಮೇಲೆ ಜಗಳಕ್ಕೆ ಯಾರವ್ರೆ, ಅಷ್ಟು ಗಟ್ಟಿ ಮೂಳೆ ಯಾಕೆ ಬೇಕು ನಿಂಗೆ’ ಎಂದರು. ನಾನು ಕಿಟಕಿಯ ಕಡೆ ತಿರುಗಿ ಕೂತೆ, ಹೊಳಲ್ಕೆರೆಯಲ್ಲಿ ಅವರು ಕಡಲೆಕಾಯಿ ಕೊಡಿಸಿದರು.

ಇಂಜೆಕ್ಷನ್‌ಗೆ ಮುಂಚೆ ಎರಡು ಕೆಲಸ. ಹುಳುಕು ಹಲ್ಲಿದ್ದರೆ ಈಗಲೇ ಕೀಳಿಸಬೇಕು, ಆಮೇಲೆ ಕಿತ್ತರೆ ದವಡೆಯ ಗಾಯ ಮಾಯುವುದು ಕಷ್ಟವಂತೆ. ಹೋದ ಶುಕ್ರವಾರ ಕೀಳಿಸಿದೆ. ರಕ್ತದಲ್ಲಿ ವಿಟಮಿನ್ ಡಿ ತೀರಾ ಕಮ್ಮಿಯಿದೆ, ಅದನ್ನು ತುಂಬಿಸದೆ ಇಂಜೆಕ್ಷನ್ ಕೊಟ್ಟರೆ ಕ್ಯಾಲ್ಸಿಯಂ ಪಾತಾಳಕ್ಕೆ ಇಳಿಯುತ್ತದಂತೆ. ಅದರ ಪುಡಿ ಹಾಲಿನಲ್ಲಿ ಹಾಕಿಕೊಂಡು ಕುಡಿಯುತ್ತಿದ್ದೇನೆ. ಇಷ್ಟು ಬಿಸಿಲಿನ ಊರಿನಲ್ಲಿ ಹುಟ್ಟಿ ಬೆಳೆದವಳಿಗೆ ಬಿಸಿಲಿನ ಸತ್ವ ಕಮ್ಮಿ ಎಂದರೆ ನಗಬೇಕೋ ಅಳಬೇಕೋ. ಎಲ್ಲ ಸರಿಯಿದ್ದರೆ ಡಿಸೆಂಬರಿನಲ್ಲಿ ಮೊದಲ ಇಂಜೆಕ್ಷನ್. ಬಚ್ಚಲಿಗೆ ಹಿಡಿಕೆ ಹಾಕಿಸಿದ್ದೇವೆ. ನಿಮ್ಮ ಅಪ್ಪಾಜಿ ಅಂಗಡಿಯಿಂದ ಅತ್ಯಂತ ದಪ್ಪನೆಯದನ್ನೇ ತಂದಿದ್ದಾರೆ, ಅದಕ್ಕೆ ಎತ್ತನ್ನೇ ಕಟ್ಟಬಹುದು.

ಈಗ ನಿನ್ನ ಮಾತು. ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ಎರಡನ್ನೂ ಒಟ್ಟಿಗೆ ನುಂಗಬೇಡ, ಒಂದು ಬೆಳಿಗ್ಗೆ, ಒಂದು ರಾತ್ರಿ. ತಾಯಿ ಸರಿಯಾಗಿ ತಿನ್ನದಿದ್ದರೆ ಕೂಸು ತನಗೆ ಬೇಕಾದ್ದನ್ನು ತಾಯಿಯ ಮೂಳೆಯಿಂದಲೇ ತಗೊಳ್ಳುತ್ತದೆಯಂತೆ. ನೀನು ನನ್ನಿಂದ ತಗೊಂಡದ್ದನ್ನು ನಾನು ವಾಪಸ್ ಕೇಳುತ್ತಿಲ್ಲ, ನಿನ್ನ ಕೂಸಿಗೆ ನೀನು ಜೋಪಾನವಾಗಿ ಕೊಡು. ಶಾಲೆಯಲ್ಲಿ ಹೆಚ್ಚು ಹೊತ್ತು ನಿಂತು ಪಾಠ ಮಾಡಬೇಡ. ಶರಣನಿಗೆ ನನ್ನ ನೆನಪು ತಿಳಿಸು, ನಿಮ್ಮ ಅತ್ತೆ ಶಾಂತಕ್ಕನವರಿಗೆ ನನ್ನ ಶರಣು ಹೇಳು. ತಾಯಿ ಮಗು ಎರಡೂ ಬೇರೆಬೇರೆಯಾಗಿ, ನೋವು ಕಮ್ಮಿಯಾಗಿ, ಸುಖವಾಗಿ ಮನೆ ತುಂಬಲಿ.

ಇಂತಿ ನಿನ್ನ
ಅಮ್ಮ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ದುರ್ಗಕ್ಕೆ ಹೋಗುವ ಹಿಂದಿನ ದಿನ ಶಾಂತಕ್ಕ ಫೋನ್ ಮಾಡಿದ್ದರು. ‘ನೀವೇನೂ ಯೋಚ್ನೆ ಮಾಡ್ಬ್ಯಾಡ್ರಿ ಪಾರ್ವತಮ್ಮಾರೆ, ಚೈತ್ರಾ ಬಾಣಂತನ ಇಲ್ಲೇ ಆಗ್ಲಿ ಅಂದಾಳೆ. ನೀರು ಹಾಕಾಕೆ ಜವನಗೊಂಡನಹಳ್ಳಿ ಹೆಂಗಸಿಗೆ ಅವಳೇ ಹೇಳ್ಯಾಳೆ’ ಎಂದರು. ನನಗೆ ಗೊತ್ತಿದೆ ಎಂದೇ ತಿಳಿದು, ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ನಾನೂ ‘ಹೌದ್ರಿ, ಚೈತ್ರಾ ಹೇಳಿದ್ಲು’ ಎಂದೆ. ಬೀಗಿತಿಯ ಮುಂದೆ ನಿನ್ನನ್ನು ಬಿಟ್ಟುಕೊಡುವುದಕ್ಕೆ ಆಗಲಿಲ್ಲ. ಅಷ್ಟು ಗೊತ್ತಿದ್ದೂ ಮಾರನೆಯ ದಿನ ಡಾಕ್ಟರ ಮುಂದೆ ಕೂತು ಜನವರಿ ಜನವರಿ ಎಂದು ಬಡಬಡಿಸಿದೆ, ನೋಡು. ಅವರು ಆಗುತ್ತದೆ ಎಂದಿದ್ದರೆ ಅದನ್ನು ಹಿಡಿದುಕೊಂಡು ನೇರ ಹಿರಿಯೂರಿಗೆ ಬರುವವಳಿದ್ದೆ.

ನೀನು ಮಾಡಿದ್ದು ತಪ್ಪೆಂದು ಹೇಳುತ್ತಿಲ್ಲ. ಡಾಕ್ಟರೂ ಅದನ್ನೇ ಹೇಳಿದರು. ಆದರೆ ನನ್ನ ರಿಪೋರ್ಟೆಲ್ಲ ತರಿಸಿಕೊಂಡು ಓದಿದವಳು ನನ್ನನ್ನು ಒಂದು ಮಾತು ಕೇಳಲಿಲ್ಲ. ನನಗೆ ಬೇಜಾರಾಗುತ್ತದೆ ಎಂದು ಮುಚ್ಚಿಟ್ಟಿರುತ್ತೀಯ, ಅದೂ ಗೊತ್ತು. ಬೇಜಾರಾಗುತ್ತಿತ್ತು ಮಗಳೇ, ಅತ್ತೂಬಿಡುತ್ತಿದ್ದೆ. ಅತ್ತ ಮೇಲೆ ನಾನೇ ಹೇಳುತ್ತಿದ್ದೆ. ಆ ಮಾತನ್ನು ಹೇಳುವುದಕ್ಕೆ ನನ್ನನ್ನು ಬಿಡಬೇಕಿತ್ತು.

ಈಗ ಹೇಳುತ್ತೇನೆ. ಚೈತ್ರಾ, ನಿನ್ನ ಬಾಣಂತನ ನನ್ನ ಕೈಲಾಗುವುದಿಲ್ಲ.