ಲೆಕ್ಕಿ ಸೊಪ್ಪಿನ ಕಟ್ಟು

ಲಿಂಗಸುಗೂರು. ಫಸಲಿ ೧೩೪೯, ಬಹಮನ್ ತಿಂಗಳು ೩

ಇವತ್ತೂ ಅದೇ. ಹಳ್ಳಕ್ಕೆ ಹೋಗಿ ಲೆಕ್ಕಿ ಸೊಪ್ಪು ತಂದೆ. ಅರೆದೆ, ಅರಿಷಿಣ ಹಾಕಿ ಹರಳೆಣ್ಣೆಯಲ್ಲಿ ಬಾಡಿಸಿದೆ, ತಹಶೀಲ್ದಾರ್ ಸಾಹೇಬರ ಬಾತ ಮೊಣಕಾಲಿಗೆ ಕಟ್ಟಿದೆ. ಕಚೇರಿಯ ಗುಮಾಸ್ತ ನಾನು. ಇಪ್ಪತ್ತು ದಿನದಿಂದ ಕಚೇರಿಯ ಕಾಗದ ಮುಟ್ಟಿಲ್ಲ. "ನಮ್ಮವ್ವನ ಮದ್ದೊಂದೈತ್ರಿ" ಅಂದದ್ದೇ ತಪ್ಪಾಯಿತು. ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ. ಈಗ ಬಂಗಲೆಯ ಹಿಂದಿನ ಕೋಣೆಯಲ್ಲೇ ವಾಸ.

ರಜಾ ಕೇಳಿದೆ. ಮಸ್ಕಿಯ ಮನೆಯಲ್ಲಿ ಮಗಳು ಶೇಖರಮ್ಮನಿಗೆ ದಿನ ತುಂಬಿವೆ. ಚೊಚ್ಚಲು. ತಾಯಿಯಿಲ್ಲದ ಹುಡುಗಿ. ನನ್ನ ಅಕ್ಕ ಬಸವಣ್ಣೆಮ್ಮ ಒಬ್ಬಳೇ ಇದ್ದಾಳೆ.

"ನೋವು ಹೋಗ್ಲಿ ಸೂಗಪ್ಪ, ಆಮ್ಯಾಲ ನೀ ಹೋಗು," ಅಂದರು ಸಾಹೇಬರು.

ಬಹಮನ್ ೫

ಬಾವು ಇಳಿದಿದೆ. ಸಾಹೇಬರು ಬಂಗಲೆಗೆ ಎರಡು ಸುತ್ತು ಹಾಕಿದರು. ಮತ್ತೆ ಕೇಳಿದೆ.

"ನೀ ಹೋದ್ರ ನೋವು ವಾಪಸ್ ಬರ್ತೈತಿ."

ನೋವಿದ್ದರೂ ಹೋಗುವ ಹಾಗಿಲ್ಲ, ಇಲ್ಲದಿದ್ದರೂ ಹೋಗುವ ಹಾಗಿಲ್ಲ. ಕಟ್ಟಿದ್ದು ಅವರ ಕಾಲಿಗೆ, ಬಿದ್ದದ್ದು ನನ್ನ ಕಾಲಿಗೆ. ಸಿಟ್ಟೆಲ್ಲ ಒಳಕಲ್ಲಿನ ಮೇಲೆ ತೀರಿಸಿದೆ. ಸೊಪ್ಪು ಗಂಧದಷ್ಟು ನುಣ್ಣಗಾಯಿತು.

ಬಹಮನ್ ೮, ಮಧ್ಯಾಹ್ನ

ಹೆಣ್ಣು ಕೂಸು! ನಾಲ್ಕು ದಿನವಾಯಿತಂತೆ. ಮಸ್ಕಿಯ ಬಂಡಿ ದುರುಗಪ್ಪ ಮುದಗಲ್ಲಿಗೆ ಹೋಗುತ್ತ ಹೇಳಿಹೋದ. ಅಜ್ಜನಾದೆ... ಅಳುವೂ ಬಂತು, ನಗುವೂ ಬಂತು.

"ಖರೆ, ಶೇಖ್ರವ್ವನ ಎದಿ ಬಾತು ಕಲ್ಲಾಗೈತ್ರಿ. ಕೂಸು ಬಾಯಿ ಇಟ್ರ ಚೀರ್ತಾಳ. ಯಾವ ಸೊಪ್ಪು ಕಟ್ಟಬೇಕಂತ ಕೇಳ್ಯಾಳ್ರಿ ನಿಮ್ಮಕ್ಕ," ಅಂದ.

ಎದೆ ಬಾತರೂ ಇದೇ ಲೆಕ್ಕಿ. ಅಕ್ಕನಿಗೆ ಗೊತ್ತಿಲ್ಲ. ಅವ್ವ ಸೊಪ್ಪಿನ ಹೆಸರನ್ನು ನನ್ನೊಬ್ಬನ ಕಿವಿಯಲ್ಲಿ ಹೇಳಿ ಸತ್ತಳು. ಮದ್ದು ಒಂದೇ ಕಿವಿಯದು, ಎರಡನೆಯ ಕಿವಿಗೆ ಬಿದ್ದರೆ ಗುಣ ಕೆಡುತ್ತದೆ — ನಮ್ಮ ಮನೆಯ ನಂಬಿಕೆ. ಚೀಟಿ ಬರೆದರೆ ಅಲ್ಲಿ ಓದುವವರಿಲ್ಲ.

ಬಂಗಲೆಯ ಜವಾನ ಅಲ್ಲಾಭಕ್ಷ್ ಟಪಾಲು ತೆಗೆದುಕೊಂಡು ಮಸ್ಕಿಗೆ ಹೊರಟಿದ್ದ. ಹೈದರಾಬಾದಿನ ಮುದುಕ. ಕನ್ನಡ ಅರ್ಧ ಕೇಳಿಸಿಕೊಳ್ಳುತ್ತಾನೆ, ಉಳಿದರ್ಧ ತಾನೇ ತುಂಬಿಕೊಳ್ಳುತ್ತಾನೆ. ಮಗಳ ನೋವಿಗಿಂತ ನಂಬಿಕೆ ದೊಡ್ಡದೇ? ಕಿವಿಯಲ್ಲಿ ಪಿಸುಗುಟ್ಟಿದೆ.

"ಸಮಜ್ ಗಯಾ," ಅಂದ.

ಬಹಮನ್ ೧೦

ಅಲ್ಲಾಭಕ್ಷ್ ಮರಳಿದ. "ಹೇಳಿ ಬಂದೀನಿ ಸೂಗಪ್ಪಾಜೀ. ನಿಮ್ಮ ಅಕ್ಕ ನಾಳೆ ಖುದ್ದು ಸೊಪ್ಪು ತರ್ತೀನಿ ಅಂದಾಳ."

ಮದ್ದು ಈಗ ಅಲ್ಲಾಭಕ್ಷನಿಗೂ ಗೊತ್ತು ಅಂದೆ, ಸಾಹೇಬರೂ ಒಪ್ಪಿದರು! ನಾಳೆ ಅಲ್ಲಾಭಕ್ಷ್ ತಾನೇ ಸೊಪ್ಪು ತಂದು ಅರೆದು ಕಟ್ಟಬೇಕು, ನಾನು ಹತ್ತಿರ ಸುಳಿಯಬಾರದು. ಸರಿಹೋದರೆ ರಜಾ. ಅವನು ಅರೆದ ಮುದ್ದೆ ನೋಡಿದ್ದಾನೆ, ಗಿಡ ನೋಡಿಲ್ಲ. ಹೆಸರು ಗೊತ್ತಲ್ಲ, ಯಾರಾದರೂ ತೋರಿಸುತ್ತಾರೆ. ಗಂಟು ಕಟ್ಟಿಟ್ಟೆ. ಕೂಸಿನ ತಲೆಗೆ ಪೇಟೆಯಿಂದ ಕೆಂಪು ಕುಂಚಿಗೆ ತರಿಸಿದೆ.

ಬಹಮನ್ ೧೧, ಮಧ್ಯಾಹ್ನ

ಸಾಹೇಬರ ಕೂಗಿಗೆ ಓಡಿದೆ. ಮೊಣಕಾಲ ತುಂಬ ಬೊಬ್ಬೆ. ಒಳಕಲ್ಲಿನ ಪಕ್ಕ ದಪ್ಪ ಎಲೆಗಳು, ಮುರಿದ ತೊಟ್ಟಿನಲ್ಲಿ ಬೆಳ್ಳಗೆ ಹಾಲು. ಎಕ್ಕಿ!

"ನೀವಾ ಹೇಳಿದ್ರಲ್ಲಾ, ಎಕ್ಕಿ ಅಂತ!" ಅಂದ ಅಲ್ಲಾಭಕ್ಷ್.

ಲೆಕ್ಕಿ ಅಂದೆ, ಲೆಕ್ಕಿ. ಯಾರು ಕೇಳುತ್ತಾರೆ? ವಿಷ ಹೇಳಿಕೊಟ್ಟೆನೆಂದು ನನ್ನನ್ನೇ ಕೋಣೆಗೆ ತಳ್ಳಿದರು.

ಅದೇ ದಿನ, ಮೂರು ಗಂಟೆ

ಈಗ ಹೊಳೆಯಿತು. ಮಸ್ಕಿಗೂ ಅದೇ ಹೆಸರು ಹೋಗಿದೆ.

ಎಕ್ಕಿ ಎಲೆ ಕಾಸಿ ಕೀಲುನೋವಿಗೆ ಕಟ್ಟುವವರೂ ಊರಲ್ಲಿದ್ದಾರೆ. ಅಕ್ಕ ಅನುಮಾನ ಪಡುವುದಿಲ್ಲ. ಅರೆದು ಎದೆಗೆ ಕಟ್ಟುತ್ತಾಳೆ. ಕೂಸು ಅಲ್ಲೇ ಬಾಯಿಡುತ್ತದೆ, ಮುಖ ಉಜ್ಜುತ್ತದೆ. ಎಕ್ಕಿ ಹಾಲು ಕಣ್ಣಿಗೆ ಬಿದ್ದರೆ... ಬರೆಯಲಾರೆ. ಕಟ್ಟಿಯಾಗಿದೆಯೋ, ಇನ್ನೂ ಇಲ್ಲವೋ. ಅವ್ವಾ, ಎರಡನೆಯ ಕಿವಿಗೆ ಯಾಕೆ ಹೇಳಿದೆ ನಾನು?

ಮಸ್ಕಿ ಆರು ಹರದಾರಿ. ಬಾಗಿಲು ನೂಕಿದೆ. ಹೊರಗಿನಿಂದ ಚಿಲಕ. ನೌಕರಿ ಹೋಗಲಿ, ಜೈಲಿಗೆ ಹಾಕಲಿ, ಮನೆಗೊಂದು ಮಾತು ಮುಟ್ಟಿಸಿ ಅಂತ ಬಡಿದೆ, ಕೂಗಿದೆ. ಕೊನೆಗೆ ಬಂದವನು ಅಲ್ಲಾಭಕ್ಷ್. ಪಾಪ, ಬಾಗಿಲಾಚೆ ನಿಂತು ಅತ್ತ. ಟಪಾಲಿನ ಕುದುರೆ ಇದೆ, ಈಗಲೇ ಹೋಗುತ್ತೇನೆ ಅಂದ.

"ಹೇಳ್ರಿ, ಈ ಸಲ ಬರಾಬರ್ ಹೇಳ್ತೀನಿ."

"ಎಕ್ಕಿ ಬ್ಯಾಡ, ಲೆಕ್ಕಿ! ತಿಳೀತೇನು? ಎಕ್ಕಿ ಬ್ಯಾಡ!"

"ತಿಳೀತು, ತಿಳೀತು."

ಓಡಿದ. ಬಾಯಿಪಾಠ ಮಾಡುತ್ತಲೇ ಕುದುರೆ ಹತ್ತುತ್ತಿದ್ದಾನೆ, ಕಿಟಕಿಗೆ ಕೇಳಿಸುತ್ತಿದೆ — ಲೆಕ್ಕಿ ಬ್ಯಾಡ, ಎ