ಕಿವಿಗೆ ಏರದ ಅಂಗಿ

ಅತ್ತೆವ್ವಾ,

ನೀವು ತೀರಿಕೊಂಡ ಮೇಲೆ ಮೊದಲ ಸಲ ನಿಮ್ಮೂರು ಗಡಹಿಂಗ್ಲಜಕ್ಕೆ ಹೋದಾಗ, ನಿಮ್ಮ ತಮ್ಮ ದುಂಡಪ್ಪ ಮಾಮಾ ನಮ್ಮ ಕಯಾಕನ್ನು ಹಿತ್ತಲಲ್ಲಿ ಬೋರಲು ಹಾಕಿಟ್ಟಿದ್ದರು. ಕೆರೆಯ ಪಕ್ಕದ ಯಾವುದೋ ರೆಸಾರ್ಟಿನವರು ಬೇಡವೆಂದು ಬಿಸಾಕಿದ್ದನ್ನು ಅವರು ಟೆಂಪೋದಲ್ಲಿ ಹೇರಿಕೊಂಡು ಬಂದ ದಿನ ನೆನಪಿದೆಯಲ್ಲ? ಒಬ್ಬರೇ ಕೂತು ಹುಟ್ಟು ಹಾಕುವ ಆ ಉದ್ದ ಮೂತಿಯ ಪ್ಲಾಸ್ಟಿಕ್ ದೋಣಿಯನ್ನು ನೀವು ಸವರಿ ನೋಡಿ, "ನಡು ಹೊಳ್ಯಾಗ ಕುಂತ ಗಾಳಾ ಒಗದ್ರ ದೊಡ್ಡ ಮೀನ ಸಿಗ್ತಾವ. ಹತ್ತವ್ವಾ ಸುಮಿತ್ರಾ," ಎಂದಿರಿ. ಸೊಸೆಯನ್ನು ಹೀಗೆ ನೀರಿಗೆ ಬಿಟ್ಟ ಅತ್ತೆ ಈ ಸೀಮೆಯಲ್ಲಿ ಬೇರೆ ಯಾರಿದ್ದಾರೆ? ರಜೆ ಬಂತೆಂದರೆ ನಾನು ಹಿರಣ್ಯಕೇಶಿ ಹೊಳೆಯ ನಡುವೆ, ನೀವು ದಂಡೆಯ ಮೇಲೆ. ನನಗೆ ಬರುವುದು ನಾಲ್ಕು ಕೈ ಈಜು. ಆದರೂ ನೀವಿದ್ದಿರಲ್ಲ ಎಂಬ ಧೈರ್ಯ.

ಅವತ್ತು ಹುಟ್ಟಿಗೆ ಕೈ ಹಾಕಿದ ಕೂಡಲೇ ನಿಮ್ಮ ಮಗ ಅದನ್ನು ಕಸಿದುಕೊಂಡರು. "ಅವ್ವ ಇದ್ಲು, ನಡೀತು. ಇನ್ನ ನೀರಿನ ಸುದ್ದಿ ಬ್ಯಾಡ." ಯಾಕೆ ಎಂದು ಕೇಳಿದರೆ ಹುಟ್ಟನ್ನು ಅಟ್ಟಕ್ಕೆ ಏರಿಸಿದರು. ಇಚಲಕರಂಜಿಯ ನಮ್ಮ ಮನೆ ನಿಮಗೆ ಗೊತ್ತೇ ಇದೆ. ಎರಡೂ ಬದಿ ಮಗ್ಗದ ಶೆಡ್ಡು, ಹಗಲಿಡೀ ನಡುಗುವ ಗೋಡೆ, ನೂಲು ಸುತ್ತುವ ಯಂತ್ರದ ಮುಂದೆ ನಾನು. ಕಿಟಕಿ ತೆರೆದರೆ ಹತ್ತಿಯ ಧೂಳು, ಮುಚ್ಚಿದರೆ ಸೆಕೆ. ಮಾತಾಡಬೇಕೆಂದರೆ ಕೂಗಬೇಕು. ಅಲ್ಲಿಂದ ಹೊರಗೆ ಕಾಲಿಡಲು ನನಗಿದ್ದದ್ದು ಒಂದೇ ಬಾಗಿಲು, ಆ ಹೊಳೆ. ಅದೂ...

ಎಷ್ಟು ಗೋಗರೆದೆನೋ, ಕೊನೆಗೊಂದು ದಿನ, "ಲೈಫ್ ಜಾಕೀಟ ಹಾಕ್ಕೊಂಡ್ರ ಅಷ್ಟ," ಎಂದು ಒಪ್ಪಿದರು. ಹಾತಕಣಂಗಲೆಯ ಗೆಳೆಯನ ಮನೆಯಲ್ಲಿ ಬಿದ್ದಿದ್ದ ಒಂದನ್ನು ತಂದುಕೊಟ್ಟರು. ದಪ್ಪ ಗಂಡಸಿನ ಅಳತೆ. ಪಟ್ಟಿಗಳನ್ನು ಕೊನೆತನಕ ಎಳೆದರೂ ಒಳಗೆ ಇನ್ನೊಬ್ಬ ಸುಮಿತ್ರಾ ಹಿಡಿಸುವಷ್ಟು ಜಾಗ. ದೊಡ್ಡದಿದ್ದರೆ ಒಳ್ಳೆಯದೇ, ಜಾಸ್ತಿ ತೇಲಿಸುತ್ತದೆ ಅಂದುಕೊಂಡೆ. ನೋಡೇಬಿಡೋಣವೆಂದು, ಗಡಹಿಂಗ್ಲಜಕ್ಕೆ ಹೋದಾಗ ಘಾಟಿನ ಮೆಟ್ಟಿಲಿಂದ ಕಾಲು ನಿಲ್ಲದ ಕಡೆ ಹಾರಿದೆ.

ಜಾಕೀಟು ತೇಲಿತು ಅತ್ತೆವ್ವಾ, ನಾನು ತೇಲಲಿಲ್ಲ. ಅದು ಮೈಯಿಂದ ಜಾರಿ ಮೇಲೇರಿ ಗದ್ದ, ಬಾಯಿ, ಕಿವಿ ಎಲ್ಲ ಮುಚ್ಚಿತು. ಎರಡೂ ತೋಳು ಮೇಲಕ್ಕೆತ್ತಿದಂತೆ ಅದರೊಳಗೆ ಸಿಕ್ಕಿಬಿದ್ದವು. ಬಿಡಿಸಿಕೊಳ್ಳಲು ಕೈ ಬಗ್ಗುತ್ತಿಲ್ಲ, ಕೂಗಲು ಬಾಯಿಲ್ಲ. ಜೀವ ಉಳಿಸುವ ಅಂಗಿಯೊಳಗೇ ಜೀವ ಹೋಗುವುದೆಂದರೆ? ಸಂದಿಯಿಂದ ಒಂದು ಕ್ಷಣ ನಿಮ್ಮ ಮಗ ಕಂಡರು. ಎದೆಮಟ್ಟದ ನೀರಿಗೆ ಬಂದು ಕೈ ಚಾಚಿ ನಿಂತುಬಿಟ್ಟಿದ್ದರು. ಮುಂದೆ ಒಂದು ಹೆಜ್ಜೆಯೂ ಇಡಲಿಲ್ಲ. ನನ್ನನ್ನು ಎಳೆದು ತಂದದ್ದು ದುಂಡಪ್ಪ ಮಾಮಾ.

ಅಂದಿನಿಂದ ಮನೆಯಲ್ಲಿ ಮಾತು ನಿಂತಿತು. ರೊಟ್ಟಿ ಬಡಿದೆ, ಬಡಿಸಿದೆ, ಮುಖ ನೋಡಲಿಲ್ಲ. ಆ ಚಾಚಿದ ಕೈಯೇ ಕಣ್ಣಮುಂದೆ. ಒಂದು ಮಧ್ಯಾಹ್ನ ಲೈಟು ಹೋಯಿತು, ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ಸುಮ್ಮನಾದವು. ಆ ಮೌನದಲ್ಲಿ ನನ್ನ ದನಿ ನನಗೇ ಜೋರಾಗಿ ಕೇಳಿತು.

"ನಾ ಮುಳಗೂದ ನೋಡ್ಕೋತ ಯಾಕ ನಿಂತ್ರಿ?"

ಅವರು ತಲೆ ಎತ್ತಲಿಲ್ಲ. "ನಂಗ ಈಸಾಕ ಬರೂದಿಲ್ಲ."

"ಏನಂದ್ರಿ? ಹೊಳೀ ದಂಡೀ ಹುಡುಗ ನೀವು..."

"ಸಣ್ಣಾಂವ ಇದ್ದಾಗ ಹುಡುಗ್ರೆಲ್ಲಾ ಮಡುವಿಗೆ ಜಿಗೀತಿದ್ರು. ನಂಗ ಅಂಜಿಕಿ. ಘಾಟಿನ ಮ್ಯಾಲ ಕುಂತ ತಲಿ ತೋಯಿಸ್ಕೊಂಡ ಮನೀಗಿ ಹೋಗ್ತಿದ್ನಿ. ಅವ್ವ 'ನನ್ನ ಮಗಾ ಮೀನ ಇದ್ದಂಗ' ಅಂತ ಓಣಿಗೆಲ್ಲಾ ಹೇಳಿದ್ಲು. ಹೆಂಗ ಬಾಯಿ ಬಿಡ್ಲಿ?" ಉದುರಿದ್ದ ನೂಲಿನ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಂಡರು. "ಅವ್ವ ಇದ್ದಾಗ ನಿನಗೇನರ ಆದ್ರ ಅಕಿ ಜಿಗೀತಿದ್ಲು. ಈಗ ನಾ ನಿಂತ ನೋಡೂದ ಅಷ್ಟ ಅಂತ ಗೊತ್ತಿತ್ತ ಸುಮಿತ್ರಾ. ಅದಕ್ಕ ಬ್ಯಾಡ ಅಂದ್ನಿ."

ನಾನು ಗೋಡೆಗಳೊಳಗೆ ಸಿಕ್ಕಿಕೊಂಡಿದ್ದೆ, ಸರಿ. ಈ ಮನುಷ್ಯ ಇಷ್ಟು ವರ್ಷ ಎಂಥದರೊಳಗೆ ಸಿಕ್ಕಿಕೊಂಡಿದ್ದರು? ನಿಮ್ಮ ಹೆಮ್ಮೆಯೊಳಗೆ, ಅತ್ತೆವ್ವಾ. ಬೈಯುತ್ತಿಲ್ಲ, ನಿಮಗೇನು ಗೊತ್ತಿತ್ತು... ಲೈಟು ಬಂತು, ಗೋಡೆ ಮತ್ತೆ ನಡುಗಿತು. ನಾನು ಅವರ ಕಿವಿಯ ಹತ್ತಿರ ಹೋಗಿ ಕೂಗಿದೆ: "ತಪ್ಪು ನೀರಿಂದಲ್ಲರೀ, ಜಾಕೀಟಿಂದು. ನನ್ನ ಮೈ ಅಳತೀದ ನೋಡೂಣ ನಡ್ರಿ."

ಕೊಲ್ಲಾಪುರದ ಅಂಗಡಿಯಲ್ಲಿ ನಾನು ಮೊದಲು ಕೈ ಹಾಕಿದ್ದು ಒಂದು ನೀಲಿ ಜಾಕೀಟಿಗೆ, ಎದೆಯ ತುಂಬ ಜೇಬು. ಅಂಗಡಿಯವ "ಹೇ ಘ್ಯಾ ವಹಿನಿ, ಮಸ್ತ ಆಹೇ," ಇದನ್ನೇ ತಗೊಳ್ಳಿ, ಚೆನ್ನಾಗಿದೆ ಎಂದು ಮರಾಠಿಯಲ್ಲಿ ಹೊಗಳಿದ. "ನೀಲಿ ನೀರಾಗ ಯಾರಿಗಿ ಕಾಣತೈತಿ?" ಎಂದರು ನಿಮ್ಮ ಮಗ. ಎದೆಯ ಮೇಲೆ ಜೇಬು ಉಬ್ಬಿದ್ದರೆ, ಮಗುಚಿದಾಗ ಹೊಟ್ಟೆಯ ಮೇಲೆ ಜಾರಿ ಕಯಾಕ್ ಹತ್ತುವುದೂ ಕಷ್ಟ. ಅದನ್ನು ಬಿಟ್ಟೆ. ಒಳಗಿನ ಚೀಟಿಯಲ್ಲಿ ಎಷ್ಟು ತೂಕದವರಿಗೆ ಎಂದು ಬರೆದಿರುತ್ತದೆ, ಅದನ್ನು ಓದಿಸಿ ನನ್ನ ತೂಕಕ್ಕೆ ಸರಿಯಾದವನ್ನಷ್ಟೇ ತೆಗೆಸಿದೆ. ಪಟ್ಟಿಗಳನ್ನೆಲ್ಲ ಬಿಗಿದು, "ಹೆಗಲ ಹಿಡದ ಮ್ಯಾಲ ಜಗ್ರಿ," ಎಂದೆ. ನಿಮ್ಮ ಮಗ ಜಗ್ಗಿದರು. ಒಂದು ಜಾಕೀಟು ಕಿವಿತನಕ ಏರಿತು, ಬಿಟ್ಟೆ. ಇನ್ನೊಂದು ಅಲುಗಲಿಲ್ಲ, ಆದರೆ ಸ್ಟೂಲಿನ ಮೇಲೆ ಕಾಲು ಚಾಚಿ ಕೂತರೆ ಬೆನ್ನ ಹಿಂದಿನ ದಪ್ಪ ಫೋಮು ಕುತ್ತಿಗೆಗೆ ಒತ್ತಿತು. ಕಯಾಕಿನ ಸೀಟಿಗೆ ಒರಗಿದರೆ ಅದೇ ಗತಿ. ಕೊನೆಗೆ ಸಿಕ್ಕಿತು. ಬೆನ್ನಿನ ಕೆಳಗೆ ಬರೀ ಜಾಳಿಗೆ, ಫೋಮೆಲ್ಲ ಮೇಲೆ, ಹುಟ್ಟು ಹಾಕಲು ತೋಳು ಸಲೀಸು. ಕಣ್ಣು ಕುಕ್ಕುವ ಹಳದಿ. ಕಿವಿಯ ಹತ್ತಿರಕ್ಕೂ ಏರಲಿಲ್ಲ.

ಮನೆಗೆ ತಂದು ಸಜ್ಜು ಮಾಡಿದ್ದು ನಾವಿಬ್ಬರೂ ಕೂಡಿ. ಆಪತ್ತಿನಲ್ಲಿ ಊದಲೆಂದು ಹೆಗಲ ಪಟ್ಟಿಗೆ ಸೀಟಿ ಕಟ್ಟಿದರು. ಗಾಳದ ದಾರ ಕಾಲಿಗೆ ಸುತ್ತಿಕೊಂಡರೆ ಕೊಯ್ಯಲು ಮೊಂಡು ತುದಿಯ ಸಣ್ಣ ಚಾಕು, ಯಾವ ಕೈಗಾದರೂ ಸಿಗುವಂತೆ ಎದೆಯ ನಡುವೆ. ನೀರು ಹೊಗದ ಚೀಲದಲ್ಲಿ ಮೊಬೈಲು. ಮೊದಲ ದಿನ ಮೀನಿಗೆ ಹೋಗಲಿಲ್ಲ. ದುಂಡಪ್ಪ ಮಾಮಾನನ್ನು ಹತ್ತಿರ ನಿಲ್ಲಿಸಿಕೊಂಡು ಬೇಕೆಂದೇ ಕಯಾಕ್ ಮಗುಚಿ ಬಿದ್ದೆ. ಈ ಸಲ ಮುಖ ನೀರಿನ ಮೇಲೇ ಇತ್ತು. ಹೊಟ್ಟೆಯ ಮೇಲೆ ಜಾರಿ ಮತ್ತೆ ಹತ್ತಿದೆ. ದಂಡೆಯಲ್ಲಿದ್ದ ನಿಮ್ಮ ಮಗ ಆಗ ಉಸಿರು ಬಿಟ್ಟಿರಬೇಕು.

ಮೊನ್ನೆಯದನ್ನು ಹೇಳಲೆಂದೇ ಈ ಕಾಗದ. ಮೀನು ಹಿಡಿದು ದಂಡೆಗೆ ಬಂದೆ. ನಿಮ್ಮ ಮಗ ಅಂಗಿ ಕಳಚಿ ನಿಂತಿದ್ದರು, ಕೈಯಲ್ಲಿ ತಮ್ಮ ಅಳತೆಯ ಹೊಸ ಜಾಕೀಟು. ನನಗೆ ಹೇಳದೇ ಕೊಲ್ಲಾಪುರಕ್ಕೆ ಹೋಗಿ ತಂದಿದ್ದರು. ಪಟ್ಟಿ ಬಿಗಿದು, ಹೆಗಲು ಹಿಡಿದು ಜಗ್ಗಿ ನೋಡಿದೆ. ಮಾಮಾ ಒಂದು ಕಡೆ, ನಾನು ಒಂದು ಕಡೆ ಹಿಡಿದು ನೀರಿಗಿಳಿಸಿದೆವು. ನೀರು ಎದೆಮಟ್ಟಕ್ಕೆ ಬಂದಾಗ ನಿಂತರು. ಮುಖ ಬೆಳ್ಳಗಾಗಿತ್ತು. ಆಮೇಲೆ ಮುಂದಕ್ಕೊಂದು ಹೆಜ್ಜೆ ಇಟ್ಟರು. ಇನ್ನೊಂದು.

"ಸುಮಿತ್ರಾ, ಕಾಲಿಗಿ ನೆಲಾ ಹತ್ತವಲ್ದು!" ಎಂದು ಚೀರಿದರು. ಅಂಜಿದರೆಂದು ಹಿಡಿಯಲು ಹೋದೆ.

ನಗುತ್ತಿದ್ದರು, ಅತ್ತೆವ್ವಾ.