ಬಾಯಿಕುಕ್ಕೆಯಲ್ಲಿ ಬೆಳ್ಳುಳ್ಳಿ

ಮಡಕಶಿರ
೧೭-೮-೨೦೨೫, ಭಾನುವಾರ

ತಮ್ಮ ಮೂಡಲಗಿರಿಯಪ್ಪನಿಗೆ,

ನಿನ್ನ ಅಕ್ಕ ಈಶ್ವರಮ್ಮ ಬರೆಯುತ್ತಿದ್ದೇನೆ. ಚಿರಂಜೀವಿ ಎಂದು ಬರೆಯಬೇಕಾದ ಕಡೆ ಪೆನ್ನು ನಿಂತುಬಿಟ್ಟಿತು. ಆದರೂ ನೂರು ವರ್ಷ ಬದುಕು. ಈ ಕಾಗದ ಓದಿ ಅರಗಿಸಿಕೊಳ್ಳುವುದಕ್ಕೆ ಅಷ್ಟಾದರೂ ಬೇಕಾದೀತು. ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ವಯಸ್ಸಾಯಿತು, ಕೈ ಹಿಡಿತಕ್ಕೆ ಬರುವುದಿಲ್ಲ.

ಫೋನು ಮಾಡಿದರೆ ನಿನ್ನ ಹೆಂಡತಿ ಎತ್ತುತ್ತಾಳೆ. ಎತ್ತಿದವಳು, "ಅವ್ರು ತೋಟಕ್ಕೆ ಹೋಗವ್ರೆ ಅತ್ಗೆಮ್ಮ" ಅನ್ನುತ್ತಾಳೆ. ಹಿಂದುಗಡೆ ನೀನು ಕೆಮ್ಮುವುದು ನನಗೆ ಕೇಳಿಸುತ್ತದೆ. ಮೊಮ್ಮಗಳು ರಮ್ಯಳಿಗೆ, ನಾನು ಹೇಳುತ್ತೇನೆ ನೀನು ಬರಿ ಎಂದೆ. "ಅಜ್ಜೀ, ಬೈಗುಳನೆಲ್ಲ ನಾನು ಬರಿಯಲ್ಲ" ಎಂದು ಎದ್ದುಹೋದಳು. ಮೂರನೇ ಕ್ಲಾಸಿನ ಅಕ್ಷರ ಎಷ್ಟು ದೂರ ಹೋಗುತ್ತದೋ ನೋಡೋಣ. ಆ ಮೂರನೇ ಕ್ಲಾಸಿಗೇ ನಿಂತದ್ದು ಯಾಕೆ ಅಂತ ನಿನಗೆ ಗೊತ್ತು. ನಿನ್ನನ್ನು ಸೊಂಟದ ಮೇಲೆ ಹೊತ್ತುಕೊಂಡು ಸ್ಕೂಲಿಗೆ ಹೋದರೆ ನೀನು ಅಳುತ್ತಿದ್ದೆ, ಮೇಷ್ಟ್ರು ಇಬ್ಬರನ್ನೂ ಹೊರಗೆ ಕಳಿಸುತ್ತಿದ್ದರು.

ನಿಮ್ಮೂರಿನ ಹಿರಿಯರು ನರಸಿಂಹಯ್ಯನವರು ಮೊನ್ನೆ ಸಂತೆಗೆ ಬಂದವರು ನಮ್ಮ ಜಗಲಿ ಹತ್ತಿದರು. ಮಜ್ಜಿಗೆ ಕೊಟ್ಟೆ. ಕುಡಿಯದೆ ಲೋಟ ಕೈಯಲ್ಲೇ ಇಟ್ಟುಕೊಂಡು, "ಈಶ್ವರಮ್ಮಾ, ನಿಮ್ಮ ನಾಯಿ ವಿಷ್ಯ ಏನ್ ಮಾಡ್ತೀರಿ?" ಎಂದರು. ನಮ್ಮ ಮನೆಯಲ್ಲಿ ನಾಯಿಯೇ ಇಲ್ಲ ಸ್ವಾಮಿ, ಇರುವುದೊಂದು ಬೆಕ್ಕು, ಅದೂ ಪಕ್ಕದ ಮನೆಯದು ಎಂದೆ. ಆಮೇಲೆ ಗಂಟು ಬಿಚ್ಚಿದರು.

ನಿನ್ನ ಹಿಪ್ಪುನೇರಳೆ ತೋಟಕ್ಕೆ ಸೊಪ್ಪು ಕುಯ್ಯಲು ಬರುವ ಎರ್ರಮ್ಮನ ಮೀನಖಂಡವನ್ನು ನಿನ್ನ ನಾಯಿ ಬೂದ ಹರಿದು ಹಾಕಿತಂತೆ. ಬೆಳಗಾಗುತ್ತಲೇ ಬಾ ಎಂದು ಅವಳಿಗೆ ಹೇಳಿದವನು ನೀನು. ರೇಷ್ಮೆ ಹುಳುವಿನ ಮನೆಯ ಕಾವಲಿಗೆ ಬಿಟ್ಟಿದ್ದ ನಾಯಿಯನ್ನು ಕಟ್ಟುವುದು ಮರೆತವನೂ ನೀನು. ಕಟ್ಟೆಯ ಮೇಲೆ ಊರು ಕೂಡಿತು. ನಾಯಿ ಯಾರದಪ್ಪಾ ಎಂದು ನರಸಿಂಹಯ್ಯನವರು ಕೇಳಿದರೆ ನೀನು ಹೇಳಿದ್ದೇನು? "ನಮ್ಮಕ್ಕನ್ದು. ಮರಿ ಅಲ್ಲಿಂದ ಬಂದಿದ್ದು. ನಮ್ಮನೇಲಿ ಬಂದು ತಿಂತೈತೆ, ಅಷ್ಟೇ."

ಲೋ ಗಿರಿಯಾ, ಮರಿ ಕೊಟ್ಟವಳು ನಾನೇ, ಇಲ್ಲ ಅನ್ನುವುದಿಲ್ಲ. ನಮಗೆ ಕುರಿ ಇದ್ದ ಕಾಲದ ಕಾವಲು ನಾಯಿಯ ಕೊನೆಯ ಮರಿ ಅದು, ಮಡಿಲಲ್ಲಿ ಹಾಕಿಕೊಂಡು ಬಂದು ನಿನ್ನ ಕೈಗೆ ಇಟ್ಟೆ. ಆದರೆ ಅಪ್ಪನ ಹೊಲ ಪಾಲಾದ ದಿನ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂದು ನನಗೆ ಗಾದೆ ಹೇಳಿದವನು ನೀನು. ಕೊಟ್ಟ ಹೆಣ್ಣು ಹೊರಗಾದರೆ ಕೊಟ್ಟ ನಾಯಿ ಮಾತ್ರ ಹೇಗೆ ತವರಲ್ಲೇ ಉಳಿಯಿತು? ಹೋದ ದೀಪಾವಳಿಯಲ್ಲಿ, "ನನ್ನ ಬೂದನ್ನ ಕಂಡ್ರೆ ಮೂರೂರು ನಡುಗ್ತೈತೆ" ಎಂದು ಮೀಸೆ ತಿರುವುತ್ತಿದ್ದೆಯಲ್ಲ. ಬೊಗಳುವಾಗ ನಿನ್ನದು, ಕಚ್ಚಿದ ಮೇಲೆ ನನ್ನದು.

ಆಗಲೇ ಅದು ಹಾಲಿನವನ ಪಂಚೆ ಹಿಡಿದಿತ್ತು. ನಾನು ನಿನ್ನ ಮನೆಯ ಜಗಲಿಯಲ್ಲೇ ಕೂತು ಹುರಿ ಹೆಣೆದು ಅದಕ್ಕೊಂದು ಬಾಯಿಕುಕ್ಕೆ ಮಾಡಿಕೊಟ್ಟೆ. ನೀನೇನೆಂದೆ? "ಬಾಯಿ ಕಟ್ಟಿದ್ಮೇಲೆ ನಾಯಿ ಯಾಕಕ್ಕ ಬೇಕು, ಕುರಿ ಸಾಕ್ಕೊತೀನಿ ಬಿಡು." ಎಲ್ಲರೂ ನಕ್ಕರು. ನಾನೂ ನಕ್ಕೆ, ತಮ್ಮನ ಮಾತಲ್ಲವೇ ಎಂದು. ಕಡ್ಲೆಕಾಯಿ ಹೊಲದಲ್ಲಿ ಕುಂಟೆ ಹೊಡೆಯುವಾಗ ಎತ್ತು ನಾಲ್ಕು ಗಿಡ ಕಚ್ಚೀತು ಎಂದು ಅದರ ಬಾಯಿಗೆ ಕುಕ್ಕೆ ಕಟ್ಟುವವನು ನೀನು. ಎರ್ರಮ್ಮನ ಕಾಲು ನಾಲ್ಕು ಗಿಡಕ್ಕಿಂತ ಕಡಿಮೆಯಾಯಿತೇ?

ನರಸಿಂಹಯ್ಯನವರು ಬಂದುಹೋದ ಮಾರನೆಯ ದಿನವೇ ಹೇಮಾವತಿ ಕಡೆಯ ಆಟೋ ಹತ್ತಿ ನಿಮ್ಮೂರಿಗೆ ಬಂದೆ. ನೀನು ಗೂಡು ಮಾರಲು ಹಿಂದೂಪುರಕ್ಕೆ ಹೋಗಿದ್ದೆ. ಒಳ್ಳೆಯದೇ ಆಯಿತು. ಮೊದಲು ಎರ್ರಮ್ಮನ ಮನೆಗೆ ಹೋದೆ. ಕಾಲು ಚಾಚಿಕೊಂಡು ಗೋಡೆಗೆ ಒರಗಿದ್ದಳು, ಕೂತು ಏಳಲಾಗುವುದಿಲ್ಲ. ನನ್ನ ನಾಯಿ ಕಚ್ಚಿತಂತೆ ಕಣಮ್ಮ ಎಂದೆ. ಅವಳು ನನ್ನ ಮುಖ ನೋಡಿ ಅಂದದ್ದನ್ನು ಹಾಗೇ ಬರೆಯುತ್ತೇನೆ: "ನೀವ್ಯಾಕಮ್ಮ ಹಂಗಂತೀರಿ. ದಿನಾ ಅದಕ್ಕೆ ಮುದ್ದೆ ಹಾಕ್ತಿದ್ದೋಳು ನಾನು, ಯಾರ ನಾಯಿ ಅಂತ ನಂಗೊತ್ತಿಲ್ವಾ? ಕಟ್ಟೆ ಮೇಲೆ ಬಾಯಿ ಬಿಟ್ರೆ ನಾಳಿಕೆ ಸೊಪ್ಪು ಕುಯ್ಯಾಕೆ ಕರೀತಾರಾ?" ನೋಡು, ನಾಯಿಯ ಬಾಯಿಗೆ ಕಟ್ಟಬೇಕಾದ ಕುಕ್ಕೆಯನ್ನು ನೀನು ಅವಳ ಬಾಯಿಗೆ ಕಟ್ಟಿದ್ದೀಯೆ. ಸೂಜಿ ಹಾಕಿದ ಡಾಕ್ಟರು, ಕಚ್ಚಿದ ನಾಯಿಯ ಮೇಲೆ ಕಣ್ಣಿಟ್ಟಿರಿ, ಅದಕ್ಕೇನಾದರೂ ಆದರೆ ತಿಳಿಸಿ ಎಂದಿದ್ದರಂತೆ. ಯಾರದೂ ಅಲ್ಲದ ನಾಯಿಯ ಮೇಲೆ ಯಾರು ಕಣ್ಣಿಡಬೇಕು?

ಅಲ್ಲಿಂದ ನಿನ್ನ ಮನೆಗೆ ಬಂದೆ. ನಾನು ಹೆಣೆದ ಕುಕ್ಕೆ ಅಡುಗೆಮನೆಯ ಮೊಳೆಗೆ ತೂಗುತ್ತಿತ್ತು, ತುಂಬ ಬೆಳ್ಳುಳ್ಳಿ. ಗಾಳಿಯಾಡುತ್ತೆ ಅತ್ಗೆಮ್ಮ, ಕೊಳೆಯಲ್ಲ ಎಂದಳು ನಿನ್ನ ಹೆಂಡತಿ. ಹೆಣೆದದ್ದು ಒಂದು ಕೆಲಸಕ್ಕಾದರೂ ಬಂತಲ್ಲ ಎಂದು ಬೆಳ್ಳುಳ್ಳಿಯನ್ನು ನಡುಮನೆಯಲ್ಲಿ ಸುರಿದೆ. ಆರಿಸಿಕೊಂಡಿದ್ದಾಳೆಂದು ಭಾವಿಸುತ್ತೇನೆ. ಹಿತ್ತಲಿಗೆ ಹೋದರೆ ಬೂದ ನನ್ನನ್ನು ಕಂಡು ಬಾಲ ಅಲ್ಲಾಡಿಸಿತು. ಮಗುವಿನ ಹಾಗೆ ಬಾಯಿ ಕೊಟ್ಟಿತು, ಕುಕ್ಕೆ ಕಟ್ಟಿಸಿಕೊಂಡಿತು. ನೀನು ನನ್ನದು ಎಂದಮೇಲೆ ನನ್ನದನ್ನು ನಾನು ಕರೆದುಕೊಂಡು ಬಂದೆ. ಆಟೋದವನು ನಾಯಿ ಹತ್ತಿಸಲ್ಲ ಅಜ್ಜಿ ಎಂದ. ಇದರ ಬಾಯಿಗಾದರೂ ಕುಕ್ಕೆ ಇದೆ ಕಣಪ್ಪ, ನಿನ್ನ ಬಾಯಿಗೆ ಅದೂ ಇಲ್ಲ ಎಂದೆ. ಹತ್ತಿಸಿಕೊಂಡ.

ಈಗ ನಮ್ಮ ಹುಣಸೆಮರಕ್ಕೆ ಕಟ್ಟಿದ್ದೇನೆ. ಬೀದಿಗೆ ಕರೆದೊಯ್ಯುವಾಗ ಕುಕ್ಕೆ, ಮನೆಗೆ ಬಂದರೆ ಸರಪಳಿ. ಉಣ್ಣುತ್ತದೆ. ಆದರೆ ರಸ್ತೆಯಲ್ಲಿ ಬೈಕಿನ ಸದ್ದು ಬಂದರೆ ಎದ್ದು ನಿಂತುಕೊಳ್ಳುತ್ತದೆ. ನಿನ್ನ ಬೈಕು ಅಲ್ಲವೆಂದು ತಿಳಿದ ಮೇಲೆ ಮಲಗುತ್ತದೆ. ಅದಕ್ಕೆ ಇನ್ನೂ ನೀನೇ ಯಜಮಾನ. ನೀನು ಕಟ್ಟೆಯ ಮೇಲೆ ಅಂದ ಮಾತನ್ನು ಅದಕ್ಕೆ ಯಾರು ಹೇಳಬೇಕು?

ಗೌರಿ ಹಬ್ಬ ಬಂತು. ಬಾಗಿನ ಕಳಿಸಬೇಡ. ಕಳಿಸಿದರೆ ಆ ಸೀರೆಯನ್ನು ಬೂದನಿಗೆ ಹಾಸುತ್ತೇನೆ, ನಿಜವಾಗಿ ಹೇಳುತ್ತಿದ್ದೇನೆ. ಅದೇ ಕಟ್ಟೆಯ ಮೇಲೆ, ಅದೇ ಜನರ ಮುಂದೆ, ನಾಯಿ ನನ್ನದು, ಕಟ್ಟದೆ ಬಿಟ್ಟವನೂ ನಾನು ಎಂದು ಹೇಳು. ಎರ್ರಮ್ಮ ಗುಣವಾಗುವ ತನಕ ಅವಳ ಮನೆ ಒಲೆ ಉರಿಯುವುದನ್ನು ನೋಡಿಕೋ, ಗುಣವಾದ ಮೇಲೆ ಕೆಲಸಕ್ಕೆ ಕರಿ. ಆಮೇಲೆ ಬರಿಗೈಲಿ ಬಂದರೂ ಮಣೆ ಹಾಕುತ್ತೇನೆ. ಅಲ್ಲಿಯವರೆಗೆ ನಿನ್ನ ಹೊಸಲು ತುಳಿಯುವುದಿಲ್ಲ. ತವರು ಇತ್ತು ಎಂದುಕೊಳ್ಳುತ್ತೇನೆ, ಅಷ್ಟೇ.

ನಿನ್ನನ್ನು ಹೊತ್ತ ಸೊಂಟ ಈಗಲೂ ನೋಯುವ,
ಅಕ್ಕ ಈಶ್ವರಮ್ಮ

ಮರೆತದ್ದು: ಅಕ್ಷರ ಸೊಟ್ಟಗಾದದ್ದು ವಯಸ್ಸಿಗೆ ಎಂದು ಮೇಲೆ ಬರೆದಿದ್ದೇನೆ, ಅದು ಸುಳ್ಳು. ಎಡಗೈಯಲ್ಲಿ ಬರೆದದ್ದು. ಬೂದ ಮಗುವಿನ ಹಾಗೆ ಬಾಯಿ ಕೊಡಲಿಲ್ಲ. ಕುಕ್ಕೆ ಕಟ್ಟುವಾಗ ಬಲಗೈ ಹಿಡಿಯಿತು. ನಿನ್ನ ಹೆಂಡತಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು, ಅವಳಿಗೆ ಕಾಣದಂತೆ ಸೆರಗು ಸುತ್ತಿಕೊಂಡೆ. ಆಸ್ಪತ್ರೆಯಲ್ಲಿ ನರ್ಸಮ್ಮ ಸೂಜಿ ಹಾಕುವ ಮುಂಚೆ, ಬೀದಿದಾ ಸಾಕಿದ್ದಾ, ಯಾರ ನಾಯಿ ಎಂದು ಕೇಳಿದಳು. ನಮ್ಮದೇ ಅಂದೆ. ಹೇಳುವುದು ಅಷ್ಟೇನೂ ಕಷ್ಟವಿಲ್ಲ ಗಿರಿಯಾ.